ಹನ್ನೆರಡು ಡಿಗ್ರಿಯ ಆಯೇರಿ

ನೆಲದ ಮೇಲೆ ಬೇಸಿಗೆ ಕಳೆಯುವುದು ಇನ್ನು ಆಗದ ಮಾತು ಎಂದು ಸರ್ಕಾರವೇ ಒಪ್ಪಿಕೊಂಡ ಮೇಲೆ ಕಲಬುರಗಿ ಸೀಮೆಯ ಜನ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಕಾಲ ಕೆಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿತ್ತು. ಮುತ್ತಜ್ಜಂದಿರು ಕಲ್ಲು ಎಬ್ಬಿಸಿ ಎಬ್ಬಿಸಿ ಬಿಟ್ಟುಹೋದ ಹೊಂಡಗಳ ಗೋಡೆಗೆ ಸುರಂಗ ಕೊರೆದು, ಸುರಂಗದೊಳಗೆ ಓಣಿ, ಓಣಿಯೊಳಗೆ ಮನೆ, ಮನೆಯೊಳಗೆ ದೇವರ ಜಗಲಿ ಎಲ್ಲವನ್ನೂ ಮಾಡಿಕೊಂಡರು. ಯುಗಾದಿ ಮುಗಿಸಿ ಇಳಿಯುವುದು, ಮಿರಗದ ಮಳೆ ಬಿದ್ದ ಮೇಲೆ ಏರುವುದು. ನಡುವಿನ ದಿನಗಳಲ್ಲಿ ಹಗಲು ಹೊತ್ತು ಮೇಲೆ ಹೋದವನಿಗೆ ಒಂದು ತಾಸಿನಲ್ಲಿ ಮಾತು ತೊದಲುತ್ತದೆ, ಎರಡನೆಯ ತಾಸಿಗೆ ಅವನನ್ನು ಹೊತ್ತುಕೊಂಡೇ ತರಬೇಕು.

ಆದರೆ ಸುರಂಗಕ್ಕೆ ಇಳಿದ ಮಾತ್ರಕ್ಕೆ ತಂಪಾಗಿಬಿಡುವುದಿಲ್ಲ. ಎರಡು ಊರಿನ ಜನ ಒಂದೇ ಪೊಳ್ಳಿನಲ್ಲಿ ಕೂತು ಉಸಿರಾಡಿದರೆ ಆ ಉಸಿರು, ಆ ಮೈಬಿಸಿ, ಆ ಅಡುಗೆಯ ಕಾವು ಎಲ್ಲಿಗೆ ಹೋಗಬೇಕು? ಕೆಟ್ಟ ಗಾಳಿಯನ್ನು ಎಳೆದುಹಾಕಬೇಕು, ಹೊಸದನ್ನು ತಣ್ಣಗೆ ಮಾಡಿ ಒಳಗೆ ತರಬೇಕು. ಕರೆಂಟಿನ ಮಾತು ಎತ್ತುವ ಹಾಗಿರಲಿಲ್ಲ. ಬಿಸಿಲಿಗೆ ತಂತಿಗಳು ಜೋತುಬೀಳುತ್ತಿದ್ದವು, ಬ್ಯಾಟರಿಗಳು ಊದಿಕೊಳ್ಳುತ್ತಿದ್ದವು, ಉಳಿದ ಚೂರುಪಾರು ಕರೆಂಟು ದೊಡ್ಡ ಶಹರಗಳಿಗೆ ಹೋಗುತ್ತಿತ್ತು. ಆದ್ದರಿಂದ ಹೊನ್ನಹಾಳ, ಮುಳ್ಳಗೇರಿ ಎಂಬ ಎರಡು ಊರಿನವರು ಪಟ್ಟಿ ಹಾಕಿ, ಹಡಗು ಒಡೆಯುವ ಕಡಲದಂಡೆಯಿಂದ ಒಂದು ಹಳೆಯ ಡೀಸೆಲ್ ಎಂಜಿನ್ ಹೊತ್ತು ತಂದರು.

ಇಂಥ ಎಂಜಿನ್ನನ್ನು ಈಗಿನವರು ನೋಡಿರಲಿಕ್ಕಿಲ್ಲ. ಸಾಮಾನ್ಯ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಒಂದು ಪಿಸ್ಟನ್, ಮೇಲೊಂದು ಗಟ್ಟಿ ಮುಚ್ಚಳ. ಇದಕ್ಕೆ ಮುಚ್ಚಳವೇ ಇಲ್ಲ. ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್ನುಗಳು ಎದುರುಬದುರಾಗಿ ಓಡಿಬರುತ್ತವೆ, ಇನ್ನೇನು ತಲೆಗೆ ತಲೆ ತಾಗಬೇಕು ಎನ್ನುವಾಗ ನಡುವೆ ಎಣ್ಣೆ ಸಿಡಿದು ಬೆಂಕಿ ಹತ್ತುತ್ತದೆ, ಒಂದು ಮೇಲಕ್ಕೆ ಒಂದು ಕೆಳಕ್ಕೆ ಹಾರುತ್ತವೆ. ಮೇಲಿನ ಪಿಸ್ಟನ್ನುಗಳಿಗೆ ಮೇಲೊಂದು ಕ್ರ್ಯಾಂಕು, ಕೆಳಗಿನವಕ್ಕೆ ಕೆಳಗೊಂದು ಕ್ರ್ಯಾಂಕು, ಎರಡನ್ನೂ ಕಟ್ಟಿಹಾಕಲು ನಡುವೆ ತಿರುಗುವ ಒಂದು ನಿಲುಗಂಬ. ಗಾಳಿ ಬರುವುದು ಸಿಲಿಂಡರಿನ ಮೇಲ್ತುದಿಯ ಕಿಂಡಿಗಳಿಂದ, ಹೊಗೆ ಹೋಗುವುದು ಕೆಳತುದಿಯ ಕಿಂಡಿಗಳಿಂದ. ಮುಚ್ಚಳವಿಲ್ಲದ್ದರಿಂದ ಶಾಖ ಸೋರುವುದು ಕಡಿಮೆ, ತಣಿಸಲು ನೀರೂ ಕಡಿಮೆ ಸಾಕು. ಕುಸುಬಿ ಎಣ್ಣೆಯಾಗಲಿ ಹತ್ತಿಕಾಳಿನ ಎಣ್ಣೆಯಾಗಲಿ ಮುಖ ಸಿಂಡರಿಸದೆ ಕುಡಿಯುತ್ತಿತ್ತು. ಒಂದು ಕಾಲಕ್ಕೆ ಈ ಜಾತಿಯ ಎಂಜಿನ್ನುಗಳು ನೀರಿನಡಿಯ ಹಡಗುಗಳನ್ನೂ ರೈಲುಗಳನ್ನೂ ಎಳೆದಿದ್ದವು. ಇಲ್ಲಿ ಅದು ಎರಡು ಊರಿನ ಉಸಿರನ್ನು ಎಳೆಯುತ್ತಿತ್ತು. ತನಗೆ ಬೇಕಾದ ಗಾಳಿಯನ್ನು ಅದು ಕ್ರ್ಯಾಂಕಿನ ಜೊತೆ ತಿರುಗುವ ಗಾಳಿಪಂಪಿನಿಂದ ಓಣಿಗಳಿಂದಲೇ ಹೀರಿಕೊಂಡು, ಹೊಗೆಯನ್ನು ಚಿಮಣಿಯಿಂದ ಮೇಲಕ್ಕೆ ಉಗುಳುತ್ತಿತ್ತು. ಓಣಿಯ ಕೆಟ್ಟ ಗಾಳಿ ಹಾಗೆ ಖಾಲಿಯಾದ ಜಾಗಕ್ಕೆ ತಣ್ಣೀರಿನ ಕೊಳವೆಗಳ ನಡುವೆ ಹಾದು ಹೊಸ ಗಾಳಿ ಬರುತ್ತಿತ್ತು.

ಎಂಜಿನ್ ಇಬ್ಬರದೂ ಆದ್ದರಿಂದ ಒಬ್ಬರ ಕೈಯಲ್ಲೇ ಬಿಡುವ ಹಾಗಿರಲಿಲ್ಲ. ಚೀಟಿ ಎತ್ತಿದರು. ಮೇಲಿನ ಕ್ರ್ಯಾಂಕು ಹೊನ್ನಹಾಳಕ್ಕೆ ಬಂತು, ಕೆಳಗಿನದು ಮುಳ್ಳಗೇರಿಗೆ. ಕೂರಿಸಲು ಬಂದಿದ್ದ ಮಿಸ್ತ್ರಿ, ಕೆಳಗಿನ ಕ್ರ್ಯಾಂಕು ಯಾವಾಗಲೂ ಮೇಲಿನದಕ್ಕಿಂತ ಹನ್ನೆರಡು ಡಿಗ್ರಿ ಮುಂದೆ ಇರಬೇಕೆಂದು ಹೇಳಿ, ಎರಡರ ಮೇಲೂ ಉಳಿಯಿಂದ ಗುರುತು ಹೊಡೆದ. ಹೊಗೆ ಮೊದಲು ಹೊರಬೀಳಬೇಕು, ಆಮೇಲೆ ಗಾಳಿ ಒಳಗೆ ಬರಬೇಕು, ಕಾರಣ ಇಷ್ಟೇ. ಆದರೆ ಕಾರಣವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಳ್ಳಗೇರಿ ಮುಂದೆ, ಹೊನ್ನಹಾಳ ಹಿಂದೆ ಎಂಬುದನ್ನು ಮಾತ್ರ ಎಲ್ಲರೂ ಹಾಕಿಕೊಂಡರು. ಮಿಸ್ತ್ರಿಗೆ ಹೋಳಿಗೆ ಉಣ್ಣಿಸಿ ಒಳಗೆ ಹಾಕಿಕೊಂಡಿದ್ದಾರೆ ಎಂದು ಹೊನ್ನಹಾಳದವರು, ಹೊಟ್ಟೆಕಿಚ್ಚಿನವರು ಎಂದು ಮುಳ್ಳಗೇರಿಯವರು. ಹೀಗೆ ಶುರುವಾದ ಜಗಳ ಮಿಸ್ತ್ರಿ ಸತ್ತು ಎಷ್ಟೋ ವರ್ಷವಾದರೂ ನಿಲ್ಲಲಿಲ್ಲ. ಅಷ್ಟರಲ್ಲಿ ಹನ್ನೆರಡು ಡಿಗ್ರಿ ಎಂದರೆ ಎಂಜಿನ್ನಿನ ಮಾತು ಎಂಬುದೇ ಜನಕ್ಕೆ ಮರೆತುಹೋಗಿ, ಅದು ಬರಿ ಮಾನದ ಮಾತಾಗಿತ್ತು.

ಈ ಜಗಳದಿಂದ ಎಂಜಿನ್ನಿಗೆ ಮಾತ್ರ ಒಳ್ಳೆಯದೇ ಆಯಿತು ಎನ್ನಬೇಕು. ಹೊನ್ನಹಾಳದವನೊಬ್ಬ ದಿನಾ ಬೆಳಿಗ್ಗೆ ಕಂದೀಲು ಹಿಡಿದು ಕೆಳಗಿಳಿದು, ಮುಳ್ಳಗೇರಿಯವರು ಕಳ್ಳತನದಿಂದ ಇನ್ನೂ ಮುಂದೆ ಸರಿಸಿಕೊಂಡಿದ್ದಾರೇನು ಎಂದು ನೋಡುತ್ತಿದ್ದ. ಮುಳ್ಳಗೇರಿಯವನೊಬ್ಬ ಮೇಲೆ ಹತ್ತಿ ಅದನ್ನೇ ಮಾಡುತ್ತಿದ್ದ. ಹಗೆಗಳ ಕಣ್ಣಿಗಿಂತ ಚುರುಕಾದ ಅಳತೆಗೋಲು ಎಲ್ಲಿ ಸಿಕ್ಕೀತು? ಗುರುತು ಕೂದಲೆಳೆಯಷ್ಟೂ ಅಲುಗಲಿಲ್ಲ.

ಮಹಾನಂದಾ ಹುಟ್ಟಿದ್ದು ಹೊನ್ನಹಾಳದಲ್ಲಿ, ಕೊಟ್ಟದ್ದು ಮುಳ್ಳಗೇರಿಗೆ. ಆಕೆ ಸೊಸೆಯಾಗಿ ಹೋದ ಮರುವರ್ಷವೇ ಎಂಜಿನ್ ಬಂತು, ಅದರ ಬೆನ್ನಿಗೇ ಜಗಳ ಬಂತು, ತವರಿನ ದಾರಿ ಮುಚ್ಚಿತು. ಗಂಡ ಸಾಯಬಣ್ಣನಿಗೆ ಸೊಂಟ ಹಿಡಿದ ಮೇಲೆ ಕೆಳಗಿನ ಕ್ರ್ಯಾಂಕಿನ ಜವಾಬ್ದಾರಿ ಆಕೆಯ ಹೆಗಲಿಗೆ ಬಿತ್ತು. ಮೇಲಿನ ಕ್ರ್ಯಾಂಕಿಗೆ ಇದ್ದವನು ಆಕೆಯ ಸ್ವಂತ ಅಣ್ಣ ಗುರುಲಿಂಗಪ್ಪ. ಅಣ್ಣ ಅಟ್ಟದ ಮೇಲೆ, ತಂಗಿ ತೆಗ್ಗಿನಲ್ಲಿ, ನಡುವೆ ಒಂದೇ ಎಂಜಿನ್. ಬೇಸಿಗೆಯಿಡೀ ಎದುರಿಗಿದ್ದೂ ಮಾತಿಲ್ಲ ಕಥೆಯಿಲ್ಲ. ಗುರುತು ನೋಡಲು ಇಳಿದು ಬಂದಾಗ ಅಣ್ಣನ ಕಾಲ ಹಿಮ್ಮಡಿ ಒಡೆದಿರುವುದನ್ನು ಮಹಾನಂದಾ ನೋಡುತ್ತಿದ್ದಳು. ಬೇವಿನೆಣ್ಣೆ ಹಚ್ಚು ಎಂದು ಹೇಳಬೇಕೆನಿಸುತ್ತಿತ್ತು. ಹೇಳುತ್ತಿರಲಿಲ್ಲ.

ಆ ಬಾಯಿ ಬಿಡಿಸಿದವಳು ಮಗಳು ಜಗದೇವಿ. ತಾಯಿಯ ಜೊತೆ ತೆಗ್ಗಿನಲ್ಲಿ ಕೆಲಸ ಕಲಿಯುತ್ತಿದ್ದ ಈ ಹುಡುಗಿಗೂ ಅಟ್ಟದ ಮೇಲಿನ ಗುರುಲಿಂಗಪ್ಪನ ಮಗ ಶಿವಯೋಗಿಗೂ ಯಾವಾಗ ಕಣ್ಣು ಕೂಡಿತೋ, ದೊಡ್ಡವರಿಗೆ ತಿಳಿಯುವ ಹೊತ್ತಿಗೆ ಕೈ ಮೀರಿತ್ತು. ಸೋದರಮಾವನ ಮಗ, ಹಕ್ಕಿನ ವರ. ಬೇಡವೆನ್ನಲು ಜಗಳ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಹೊನ್ನಹಾಳದ ಹಿರಿಯರೇ ಒಂದು ದಿನ ಮುಳ್ಳಗೇರಿಗೆ ಬಂದು ಬೆಲ್ಲ ನೀರು ಕುಡಿದರು. ಗುರುಲಿಂಗಪ್ಪ ತಂಗಿಯ ಮನೆಯ ಹೊಸ್ತಿಲು ದಾಟಿ, ಎಷ್ಟೋ ವರ್ಷದ ಮೇಲೆ, ನೀರು ಕೊಡು ಮಾನಂದಾ ಎಂದ. ಆಕೆ ಒಳಗೆ ಹೋಗಿ, ಕೊಡದ ಹತ್ತಿರ ನಿಂತು ಅತ್ತು, ಮುಖ ತೊಳೆದುಕೊಂಡು ಆಮೇಲೆ ತಂಬಿಗೆ ತಂದಳು.

ಕೊಡುವುದು ಬಿಡುವುದೆಲ್ಲ ಸುಸೂತ್ರವಾಗಿ ಮುಗಿಯಿತು. ಆದರೆ ಸೀರೆ ಆರಿಸಲು ಕೂತಾಗ ಹೊನ್ನಹಾಳದ ಹೆಂಗಸರು ನಗುನಗುತ್ತಲೇ ಒಂದು ಮಾತು ಎಸೆದರು. ಹೆಣ್ಣು ಕೊಡುವವರ ಕ್ರ್ಯಾಂಕು ಮುಂದೆ, ಹೆಣ್ಣು ತರುವವರದು ಹಿಂದೆ, ಇದೆಂಥ ಬೀಗತನ, ನಾಳೆ ನಮ್ಮ ಸೊಸೆಯೂ ನಮಗಿಂತ ಮುಂದೇ ನಡೆಯುವಳೇನೋ ಎಂದು. ಎಲ್ಲರೂ ನಕ್ಕರು. ಜಗದೇವಿ ನಗಲಿಲ್ಲ. ಮಹಾನಂದಾ ಅಂದು ರೊಟ್ಟಿ ಬಡಿಯುತ್ತ ಅದನ್ನೇ ತಲೆಯಲ್ಲಿ ತಿರುವಿಹಾಕಿದಳು. ಇಂಥ ಮಾತು ಒಮ್ಮೆ ಹುಟ್ಟಿದರೆ ಮಗಳು ಮುದುಕಿಯಾಗುವವರೆಗೂ ಆ ಮನೆಯಲ್ಲಿ ಅದನ್ನು ಕೇಳಬೇಕಾಗುತ್ತದೆ. ಆಕೆಗೆ ಗೊತ್ತಿತ್ತು, ತಾನೇ ಕೇಳಿದ್ದಳು.

ಗುರುತನ್ನು ಸಮ ಮಾಡಿಬಿಡೋಣವೇ ಎಂದು ಸಾಯಬಣ್ಣನನ್ನು ಕೇಳಿದಾಗ ಅವನು ಮೊದಲು ಒಪ್ಪಲಿಲ್ಲ. ಅಪ್ಪನ ಕಾಲದಿಂದ ಕಾದುಕೊಂಡು ಬಂದ ಮಾನ ಅದು. ಕೊನೆಗೆ, ಮಗಳಿಗಿಂತ ದೊಡ್ಡದೇನಲ್ಲ, ಬೀಗರಿಗೆ ಕೊಡುವ ಉಡುಗೊರೆಯ ಆಯೇರಿಯಲ್ಲಿ ಅದನ್ನೂ ಇಟ್ಟುಬಿಡು ಎಂದ.

ಇಳಿಯುವುದಕ್ಕೆ ಮೊದಲು ಪ್ರತಿವರ್ಷ ಎಂಜಿನ್ ಬಿಚ್ಚಿ ತೊಳೆದು ಕೂಡಿಸುವ ರೂಢಿ. ಆ ವರ್ಷ ಬೀಗರ ಎದುರಿಗೆ, ಅರಿಷಿಣ ಕುಂಕುಮ ಏರಿಸಿ, ಮಹಾನಂದಾ ನಿಲುಗಂಬದ ಜೋಡಿನ ಬೋಲ್ಟುಗಳನ್ನು ಸಡಿಲಿಸಿದಳು. ಹಾರೆ ಹಾಕಿ ಕೆಳಗಿನ ಕ್ರ್ಯಾಂಕನ್ನು ಹನ್ನೆರಡು ಡಿಗ್ರಿ ಹಿಂದಕ್ಕೆ ತಿರುಗಿಸಿದಳು. ಮೇಲಿನ ಗುರುತೂ ಕೆಳಗಿನ ಗುರುತೂ ಸಮಸಮ ನಿಂತವು. ಹೊನ್ನಹಾಳದವರು ಶೀಟಿ ಹೊಡೆದರು. ಗುರುಲಿಂಗಪ್ಪನ ಕಣ್ಣಲ್ಲಿ ನೀರು ಬಂತು, ಅಟ್ಟದಿಂದ ಇಳಿದು ಬಂದು ತಂಗಿಯ ತಲೆಯ ಮೇಲೆ ಕೈಯಿಟ್ಟ. ತಾನು ಇಷ್ಟು ವರ್ಷ ಸುಮ್ಮನೆ ಕಾಲ ಹಾಳುಮಾಡಿದೆ ಎಂದು ಮಹಾನಂದಾಳಿಗೆ ಅನ್ನಿಸಿತು.

ಚಾಲೂ ಮಾಡಿ ನೋಡಿದರು. ಎಂಜಿನ್ ಹಿಂದೆಂದೂ ಹೀಗೆ ಓಡಿರಲಿಲ್ಲ. ಎರಡು ಕಡೆಯ ಪಿಸ್ಟನ್ನುಗಳೂ ಈಗ ಒಂದೇ ಕ್ಷಣಕ್ಕೆ ಬಂದು ಒಂದೇ ಕ್ಷಣಕ್ಕೆ ಹೋಗುವುದರಿಂದ ಅದರ ನಡುಕವೇ ನಿಂತಿತ್ತು. ಯಾರೋ ತುಂಬಿದ ಲೋಟವನ್ನು ಅದರ ಪೀಠದ ಮೇಲಿಟ್ಟರು, ನೀರು ತುಳುಕಲಿಲ್ಲ. ಬೆಂಕಿ ಬೀಳುವ ಸದ್ದು ಮಾತ್ರ ಕೊಂಚ ಗಡಸಾಗಿತ್ತು. ಎಣ್ಣೆ ಬಿಡುವ ಪಂಪು ಮೇಲಿನ ಕ್ರ್ಯಾಂಕಿನ ಜೊತೆ ತಿರುಗುವಂಥದು. ಕೆಳಗಿನದು ಹಿಂದೆ ಸರಿದ ಮೇಲೆ ಎಣ್ಣೆ ಹೊತ್ತಿಗೆ ಮುಂಚೆಯೇ ಸಿಡಿಯತೊಡಗಿತ್ತು. ಆದರೆ ಮದುವೆಯ ಸಡಗರದಲ್ಲಿ ಆ ಸದ್ದು ಯಾರ ಕಿವಿಗೂ ಕೆಟ್ಟದ್ದಾಗಿ ಬೀಳಲಿಲ್ಲ. ಬೀಗತನ ಎಂಜಿನ್ನಿಗೂ ಒಪ್ಪಿಗೆಯಾಗಿದೆ ಎಂದು ಜನ ಆಡಿಕೊಂಡರು.

ಮದುವೆಯಾಯಿತು, ಯುಗಾದಿಯಾಯಿತು, ಎರಡೂ ಊರು ಇಳಿದವು. ಜಗದೇವಿ ಹೊನ್ನಹಾಳದ ಓಣಿಗೆ ಹೋಗಿ, ತಾಯಿಯ ತೆಗ್ಗನ್ನು ಬಿಟ್ಟು ಮಾವನ ಅಟ್ಟ ಹತ್ತಿದಳು. ಗುರುಲಿಂಗಪ್ಪ ಸೊಸೆಯ ಕೈಕೆಲಸವನ್ನು ಬಂದವರೆದುರು ಹೊಗಳುತ್ತಿದ್ದ. ಅತ್ತೆ ತನ್ನ ಪೆಟ್ಟಿಗೆಯ ಕೀಲಿಯನ್ನೇ ಅವಳ ಕೈಗೆ ಕೊಟ್ಟಳಂತೆ. ಹಬ್ಬವಿಲ್ಲದ ದಿನವೂ ಶೇಂಗಾ ಹೋಳಿಗೆಯ ಡಬ್ಬಿ ಈ ಓಣಿಯಿಂದ ಆ ಓಣಿಗೆ ಓಡಾಡಿತು. ಕಂದೀಲು ಹಿಡಿದು ಒಬ್ಬರ ಗುರುತು ಒಬ್ಬರು ನೋಡುವ ಪದ್ಧತಿ ತಾನಾಗಿಯೇ ನಿಂತುಹೋಯಿತು. ಬೀಗರ ಮನೆಗೆ ಹೋಗಿ ಬೀಗ ಅಲುಗಾಡಿಸಿ ನೋಡುವವರು ಯಾರು?

ಆ ಬೇಸಿಗೆಯಲ್ಲಿ ಸುಣ್ಣದ ಧೂಳಿನ ಬಿರುಗಾಳಿಗಳು ಜಾಸ್ತಿ. ಒಂದು ಮಧ್ಯಾಹ್ನ ಧೂಳು ಓಣಿಗಳಿಗೂ ಇಳಿದು ಎಂಜಿನ್ನಿನ ಗಾಳಿಜಾಲರಿ ಕಟ್ಟಿಕೊಂಡಿತು. ಎಂಜಿನ್ ನಿಲ್ಲಿಸಿ, ಜಾಲರಿ ಕೊಡವಿ, ಮತ್ತೆ ಚಾಲೂ ಮಾಡಬೇಕು. ಮಾಮೂಲಿ ಕೆಲಸ, ಒಂದು ಚಹಾ ಕುಡಿಯುವಷ್ಟು ಹೊತ್ತು. ಚಾಲೂ ಮಾಡುವುದು ಒತ್ತಿ ತುಂಬಿದ ಗಾಳಿಯಿಂದ. ಆ ಗಾಳಿಯನ್ನು ಟಾಕಿಗಳಲ್ಲಿ ತುಂಬಿಡುವುದೂ ಎಂಜಿನ್ನೇ. ಗುರುಲಿಂಗಪ್ಪ ಗಾಳಿ ಬಿಟ್ಟ. ಕ್ರ್ಯಾಂಕು ಹೊರಳಿತು, ಇನ್ನೂ ವೇಗ ಹಿಡಿದಿರಲಿಲ್ಲ, ಅಷ್ಟರಲ್ಲೇ ಬೆಂಕಿ ಬಿತ್ತು. ಏನೋ ಗಕ್ಕನೆ ಅಂದಂತಾಯಿತು. ಆಮೇಲೆ ಎಂಜಿನ್ ಎಂದಿನಂತೆ ನುಣ್ಣಗೆ ಓಡತೊಡಗಿತು.

ಮೊದಲು ಕೂಗು ಕೇಳಿದ್ದು ಹೊನ್ನಹಾಳದ ಓಣಿಯಿಂದ. ಗಾಳಿ ಹೀರಬೇಕಾದ ಜಾಲರಿಯಿಂದ ಕಪ್ಪು ಹೊಗೆ ಹೊರಗೆ ಬರುತ್ತಿತ್ತು. ಅಟ್ಟದ ಮೇಲೆ ಎಂಜಿನ್ನಿನ ಬೇರಿಂಗುಗಳಿಗೆ ಎಣ್ಣೆ ಹೋಗುವ ಒತ್ತಡದ ಮುಳ್ಳು ಸೊನ್ನೆಗೆ ಬಿದ್ದಿತ್ತು. ಗುರುಲಿಂಗಪ್ಪ ಹೌಹಾರಿ ಎಣ್ಣೆ ನಿಲ್ಲಿಸುವ ಹಿಡಿಕೆ ಎಳೆದ, ಎಂಜಿನ್ ನಿಂತಿತು. ಜನ ಬಾಯಿಗೆ ಒದ್ದೆ ಬಟ್ಟೆ ಹಿಡಿದು ಮುಳ್ಳಗೇರಿಯ ಓಣಿಯತ್ತ ಓಡಿದರು. ಹೊನ್ನಹಾಳದ ಓಣಿಯ ಮೂಲೆಯಲ್ಲಿ ಕಟ್ಟಿದ್ದ ಆಡುಗಳು ಕಟ್ಟಿದಲ್ಲೇ ಸತ್ತವು.

ಎಣ್ಣೆ ಕೆಟ್ಟಿದೆ, ಎಂದ ಗುರುಲಿಂಗಪ್ಪ. ಆ ವಾರದ ಕುಸುಬಿ ಎಣ್ಣೆ ಮುಳ್ಳಗೇರಿಯ ಗಾಣದ್ದು. ಬೀಗರಾದ್ದರಿಂದ ಅದನ್ನೂ ಮೆಲ್ಲಗೇ ಹೇಳಿದ. ಇನ್ನೊಮ್ಮೆ ಚಾಲೂ ಮಾಡಿ ನೋಡೋಣ ಎಂದಾಯಿತು. ತೆಗ್ಗಿನಲ್ಲಿ ಮಹಾನಂದಾ ನಿಂತಿದ್ದಳು. ಅಷ್ಟೆಲ್ಲ ಹೊಗೆಯೆದ್ದರೂ ಹೊಗೆ ಹೋಗುವ ತುದಿಯಾದ ತನ್ನ ತೆಗ್ಗಿನಲ್ಲಿ ಒಂದೆಳೆ ಹೊಗೆಯೂ ಇಲ್ಲದ್ದು ಆಕೆಗೆ ವಿಚಿತ್ರವೆನಿಸಿತ್ತು. ಎರಡನೆಯ ಸಲ ಎಂಜಿನ್ ಹಿಡಿದೊಡನೆ ಆಕೆ ಚಿಮಣಿಯ ಬುಡದ ಮಸಿಬಾಗಿಲನ್ನು ತೆರೆದಳು. ಮುಖಕ್ಕೆ ಹೊಗೆ ರಾಚಬೇಕಿತ್ತು. ಬದಲಿಗೆ ಅವಳ ಸೆರಗು ಸರ್ರನೆ ಒಳಕ್ಕೆ ಎಳೆದುಕೊಂಡು ಹೋಯಿತು. ಚಿಮಣಿ ಉಗುಳುವುದನ್ನು ಬಿಟ್ಟು ಹೀರುತ್ತಿತ್ತು.

ಎಂಜಿನ್ ತಿರುಗುಮುರುಗಾಗಿ ಓಡುತ್ತಿತ್ತು, ಅದರ ಜೊತೆ ಗಾಳಿಪಂಪೂ ಬೇರಿಂಗಿನ ಎಣ್ಣೆಪಂಪೂ ಉಲ್ಟಾ ತಿರುಗುತ್ತಿದ್ದವು. ಬಾಯಿಂದ ಹೊಗೆ ಬಿಟ್ಟು, ಬಾಲದಿಂದ ಉಸಿರೆಳೆಯುತ್ತಿತ್ತು.

ಮೇಲೆ ಮತ್ತೆ ನಿಲ್ಲಿಸಿದರು. ಮಬ್ಬುಗತ್ತಲ ಎಂಜಿನ್ ಖೋಲಿಯಲ್ಲಿ ಮಹಾನಂದಾ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಹಿಂದೆ ಕೂಡ ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದ್ದದ್ದುಂಟು. ಒದ್ದರೆ ಎರಡು ಸಲ ಕೆಮ್ಮಿ ಸಾಯುತ್ತಿತ್ತು, ಉಲ್ಟಾ ಓಡಲು ಅದಕ್ಕೆ ಬರುತ್ತಲೇ ಇರಲಿಲ್ಲ. ಈ ವರ್ಷ ಬಂತು. ಈ ವರ್ಷ ಹೊಸದಾಗಿ ಆಗಿದ್ದೇನು? ಉತ್ತರ ಹೊಳೆಯಿತು. ಒಂದು ಮುಂದೆ ಒಂದು ಹಿಂದೆ ಇದ್ದಾಗ ಎಂಜಿನ್ನಿಗೆ ಹೋಗಬೇಕಾದ ದಿಕ್ಕು ಗೊತ್ತಿರುತ್ತಿತ್ತು. ಎರಡೂ ಸಮವಾದ ಮೇಲೆ ಅದಕ್ಕೆ ಈ ಕಡೆಯೂ ಒಂದೇ, ಆ ಕಡೆಯೂ ಒಂದೇ. ತಾನು ಅರಿಷಿಣ ಕುಂಕುಮ ಏರಿಸಿ ಕೊಟ್ಟದ್ದು ಮಾನವಲ್ಲ, ಎಂಜಿನ್ನಿನ ಬುದ್ಧಿಯನ್ನೇ ಕೊಟ್ಟುಬಿಟ್ಟಿದ್ದೆ ಎಂದು ಅವಳಿಗೆ ತಿಳಿಯಿತು.

ಅಟ್ಟದ ಮೇಲೆ ಎರಡೂ ಊರಿನ ಹಿರಿಯರು ನೆರೆದಿದ್ದರು. ಟಾಕಿಯಲ್ಲಿ ಇನ್ನೊಂದು ಸಲ ಚಾಲೂ ಮಾಡುವಷ್ಟೇ ಗಾಳಿ ಉಳಿದಿತ್ತು. ಅದೂ ತಪ್ಪಿದರೆ ಎಂಜಿನ್ ಈ ಬೇಸಿಗೆಗೆ ಮತ್ತೆ ಏಳುವುದಿಲ್ಲ. ಓಣಿಗಳಲ್ಲಿ ಆಗಲೇ ಸೆಕೆ ಏರುತ್ತಿತ್ತು, ಕೂಸುಗಳು ಅಳುವುದನ್ನು ಬಿಟ್ಟು ಬರಿ ನರಳುತ್ತಿದ್ದವು. ಮೇಲೆ ಹೋಗೋಣವೆಂದರೆ ಹೊತ್ತು ಮುಳುಗುವವರೆಗೆ ಕಾಲಿಡುವ ಹಾಗಿಲ್ಲ. ಗುರುಲಿಂಗಪ್ಪನ ಮಾತು ಸ್ಪಷ್ಟವಾಗಿತ್ತು. ಮುಳ್ಳಗೇರಿಯ ಎಣ್ಣೆಯನ್ನೆಲ್ಲ ಬಸಿದು, ಕೊಳವೆ ತೊಳೆದು, ಹೊನ್ನಹಾಳದ ಎಣ್ಣೆ ತುಂಬಿ, ಸಂಜೆಗೆ ಕೊನೆಯ ಗಾಳಿ ಬಿಡುವುದು. ಹಿರಿಯರು ತಲೆಯಾಡಿಸಿದರು. ಸಂಜೆಯವರೆಗೆ ಎಷ್ಟು ಜನ ಉಳಿಯುತ್ತಾರೆಂದು ಯಾರೂ ಕೇಳಲಿಲ್ಲ.

ಮಹಾನಂದಾ ಏಣಿ ಹತ್ತಿ ಬಂದಳು. ಸೆರಗಿನ ತುದಿ ಮಸಿಯಾಗಿತ್ತು.

"ಎಣ್ಣಿ ಛಲೋ ಅದ ಅಣ್ಣಾ. ಎಂಜಿನ್ ಉಲ್ಟಾ ತಿರಗಲಾಕತ್ತದ. ನಾ ಆಯೇರಿ ಅಂತ ಹಿಂದ ಸರಿಸಿದ್ನಲ್ಲ, ಅದರಿಂದಾಗ್ಯದ. ಅದು ಕೊಡೋ ವಸ್ತು ಆಗಿರ್ಲಿಲ್ಲ."

ಆಕೆ ಮಸಿಬಾಗಿಲಿನ ಸಂಗತಿಯನ್ನೆಲ್ಲ ಹೇಳಿ, ಕೆಳಗಿನ ಕ್ರ್ಯಾಂಕನ್ನು ಮತ್ತೆ ಮುಂದಕ್ಕೆ ಸರಿಸುತ್ತೇನೆಂದಳು. ಗುರುಲಿಂಗಪ್ಪನಿಗೆ ಕೇಳಿಸಿದ್ದು ಎಂಜಿನ್ನಿನ ಮಾತಲ್ಲ. ಎರಡೂ ಊರಿನೆದುರು ಕೊಟ್ಟದ್ದನ್ನು ಎರಡೂ ಊರಿನೆದುರು ಕಿತ್ತುಕೊಳ್ಳುವ ಮಾತು. ಮುಳ್ಳಗೇರಿಯವರು ಮದುವೆ ಮುಗಿಯುವವರೆಗೆ ಬಗ್ಗಿ, ಮುಗಿದ ಮೇಲೆ ಮತ್ತೆ ಮುಂದೆ ಹೋದರು ಎಂದು ಜನ ಆಡಿಕೊಳ್ಳುತ್ತಾರೆ.

"ಬೀಗರ ಮುಂದ ಇಟ್ಟ ಆಯೇರಿ ತಿರುಗಿ ಒಯ್ತೀ ಅಂದ್ರ, ಅದರ ಜೋಡಿ ಕೊಟ್ಟ ಮಗಳ್ನೂ ಒಯ್ಯಬೇಕಾಗ್ತದ," ಎಂದ ಗುರುಲಿಂಗಪ್ಪ.

ಸಾಯಬಣ್ಣ ಹೆಂಡತಿಯ ಮುಖ ನೋಡಿದ. ಜಗದೇವಿ ಅಟ್ಟದ ಕಟಾಂಜನದ ಹತ್ತಿರ, ಗಂಡನ ಪಕ್ಕದಲ್ಲಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಮಗಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಮಹಾನಂದಾ ಆ ಕಣ್ಣುಗಳನ್ನು ನೋಡಿದಳು. ಆದರೂ ನಿಲುಗಂಬದ ಹತ್ತಿರ ಹೋಗಿ ಬೋಲ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡಳು.

"ಮಗಳು ಮನಿಗಿ ಬಂದ್ರ ಒಂದ್ ರೊಟ್ಟಿ ಹೆಚ್ಚಿಗಿ ಬಡೀತೀನಿ. ಉಸಿರು ನಿಂತ ಊರಿಗಿ ಏನ್ ಬಡೀಲಿ ಅಣ್ಣಾ?"

ಆಕೆ ಮೊದಲ ಬೋಲ್ಟು ಸಡಿಲಿಸಿದಳು. ಯಾರೂ ತಡೆಯಲಿಲ್ಲ, ಯಾರೂ ಕೈಯನ್ನೂ ಹಚ್ಚಲಿಲ್ಲ. ಬೋಲ್ಟುಗಳೆಲ್ಲ ಸಡಿಲಾಗಿ, ಎರಡು ಕ್ರ್ಯಾಂಕುಗಳಿಗೂ ಒಂದಕ್ಕೊಂದು ಸಂಬಂಧವಿಲ್ಲದಂತಾದಾಗ, ಆಕೆ ತನ್ನದನ್ನು ಮುಂದಕ್ಕೆ ತಿರುಗಿಸಲು ಏಣಿ ಇಳಿಯಹೊರಟಳು. ಆಗ ಜಗದೇವಿ ಮುಖದ ಬಟ್ಟೆ ಬಿಚ್ಚಿದಳು.

"ಯವ್ವಾ, ನಿಂದು ಮುಟ್ಟಬ್ಯಾಡ. ಅಲ್ಲೇ ಇರ್ಲಿ."

ಅವಳು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಮೇಲಿನ ಕ್ರ್ಯಾಂಕಿನ ತೂತಿಗೆ ಸಿಕ್ಕಿಸಿದಳು. ಏನು ಮಾಡುತ್ತಾಳೆಂದು ಮಹಾನಂದಾಳಿಗೆ ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಎಂಜಿನ್ನಿಗೆ ಬೇಕಾದದ್ದು ನಡುವಿನ ಅಂತರ. ಕೆಳಗಿನದು ಹನ್ನೆರಡು ಮುಂದೆ ಹೋದರೂ ಅದೇ, ಮೇಲಿನದು ಹನ್ನೆರಡು ಹಿಂದೆ ಬಂದರೂ ಅದೇ. ಯಾರು ಸರಿದರೆಂಬುದನ್ನು ಎಂಜಿನ್ ಕೇಳುವುದಿಲ್ಲ. ಅದನ್ನು ಕೇಳುವವರು ಜನ.

"ಅದಕ್ಕ ಕೈ ಹಚ್ಚಬ್ಯಾಡ," ಎಂದ ಗುರುಲಿಂಗಪ್ಪ. "ಅದು ನಮ್ಮ ಮನೀದು."

"ನಾ ಯಾರ ಮನಿಯಾಕಿ ಮಾಮಾ?" ಎಂದಳು ಜಗದೇವಿ.

ನಮ್ಮ ಮನೆಯವಳೇ ಎಂದು ಗುರುಲಿಂಗಪ್ಪ ಅಂದರೆ ಕ್ರ್ಯಾಂಕು ಅವಳದೂ ಆಗುತ್ತದೆ. ಅಲ್ಲ ಎಂದರೆ, ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದ್ದು ತಂಗಿಯಲ್ಲ, ತಾನು. ಜಗದೇವಿ ಹಾರೆಯ ಮೇಲೆ ಭಾರ ಬಿಟ್ಟಳು. ಕ್ರ್ಯಾಂಕು ಅಲುಗಲಿಲ್ಲ, ಒಬ್ಬಳ ಕೈಗೆ ಬಗ್ಗುವಂಥದಲ್ಲ ಅದು. ಅವಳು ಎರಡನೆಯ ಸಲ ಒತ್ತಿದಾಗ ಶಿವಯೋಗಿ ಅಪ್ಪನ ಕಡೆ ನೋಡದೆ ಬಂದು ಅದೇ ಹಾರೆಗೆ ಹೆಗಲು ಕೊಟ್ಟ. ಕ್ರ್ಯಾಂಕು ನಿಧಾನಕ್ಕೆ ಹಿಂದಕ್ಕೆ ಹೊರಳಿತು. ಹೊನ್ನಹಾಳದ ಹಿರಿಯರು ಕತ್ತು ಬೇರೆ ಕಡೆ ತಿರುಗಿಸಿದರು, ನೋಡಿದರೆ ತಾವೂ ಒಪ್ಪಿದಂತಾಗುತ್ತದಲ್ಲ.

ಬೋಲ್ಟು ಬಿಗಿದದ್ದು ತಾಯಿ ಮಗಳು ಇಬ್ಬರೂ ಸೇರಿ. ಗಾಳಿಯ ತಿರುಪು ಗುರುಲಿಂಗಪ್ಪನ ಕೈಯಲ್ಲಿತ್ತು. ಅವನು ಬಿಡದೇ ಇರಬಹುದಿತ್ತು. ಓಣಿಯಿಂದ ಯಾರದೋ ವಾಂತಿಯ ಸದ್ದು ಕೇಳಿಬಂತು. ಅವನು ಕಣ್ಣು ಮುಚ್ಚಿಕೊಂಡು ತಿರುಪು ತಿರುಗಿಸಿದ. ಕೊನೆಯ ಗಾಳಿ ನುಗ್ಗಿತು, ಕ್ರ್ಯಾಂಕು ಹೊರಳಿತು, ಬೆಂಕಿ ಬಿತ್ತು. ಎಂಜಿನ್ ಹಳೆಯ ನಡುಕದೊಂದಿಗೆ, ಹಳೆಯ ಒರಟು ದನಿಯಲ್ಲಿ, ಹಿಡಿಯಬೇಕಾದ ದಿಕ್ಕನ್ನು ಹಿಡಿದು ಓಡಿತು. ಒತ್ತಡದ ಮುಳ್ಳು ಎದ್ದು ನಿಂತಿತು. ಜಾಲರಿಯ ಹತ್ತಿರ ಹಿಡಿದ ಬಟ್ಟೆ ಒಳಕ್ಕೆ ವಾಲಿತು. ಜನರಲ್ಲಿ ಸತ್ತವರು ಯಾರೂ ಇಲ್ಲ. ಕೆಲವರಿಗೆ ಬಹಳ ದಿನ ಕೆಮ್ಮು ಉಳಿಯಿತು.

ಮರುದಿನ ಬೆಳಿಗ್ಗೆ ಗುರುಲಿಂಗಪ್ಪ ಕಂದೀಲು ಹಿಡಿದು ತೆಗ್ಗಿಗೆ ಇಳಿದ. ಮುಳ್ಳಗೇರಿಯವರ ಗುರುತನ್ನು ಬಗ್ಗಿ ನೋಡಿದ, ಏನೂ ಅನ್ನದೆ ಏಣಿ ಹತ್ತಿ ಹೋದ. ಅದರ ಮರುದಿನವೂ ಬಂದ. ಮುಳ್ಳಗೇರಿಯಿಂದಲೂ ಒಬ್ಬರು ಮೇಲೆ ಹೋಗತೊಡಗಿದರು. ಹೋಳಿಗೆಯ ಡಬ್ಬಿ ಓಡಾಡುವುದು ನಿಂತಿತು. ಅಣ್ಣ ಮಾತು ಬಿಟ್ಟದ್ದು ಮಹಾನಂದಾಳಿಗೆ ಹೊಸದಲ್ಲ. ಆದರೆ ಈ ಸಲ ಅದು ಮೊದಲಿಗಿಂತ ಜಾಸ್ತಿ ನೋಯಿಸಿತು, ನಡುವೆ ಒಂದಿಷ್ಟು ದಿನ ಅವನು ಮಾತಾಡಿದ್ದನಲ್ಲ.

ಮಿರಗ ಇನ್ನೂ ಹತ್ತಿರವಾಗಿರಲಿಲ್ಲ. ಒಂದು ದಿನ ಜಗದೇವಿ ತಾಯಿಯ ಮನೆಗೆ ಬಂದಳು. ಸೊಸೆಯನ್ನು ಕಳಿಸುವ ಮಾತನ್ನು ಆ ಮನೆಯಲ್ಲಿ ಯಾರೂ ಮತ್ತೆ ಎತ್ತಿರಲಿಲ್ಲ. ಮಹಾನಂದಾ ಪುಂಡಿಪಲ್ಯ ಬಡಿಸಿ, ಅದೂ ಇದೂ ಕೇಳಿ, ಕೊನೆಗೆ ಕೇಳಬೇಕಾದದ್ದನ್ನು ಕೇಳಿದಳು. ಮಾಮಾ ನಿನಗೆ ಏನಾದರೂ ಅನ್ನುತ್ತಾನೇನು, ಮುಖ ಕೊಟ್ಟು ಮಾತಾಡುತ್ತಾನೇನು ಎಂದು.

ಜಗದೇವಿ ರೊಟ್ಟಿ ಮುರಿದಳು.

"ಏನೂ ಅನ್ನಲ್ಲ ಯವ್ವಾ. ಮುಂಜಾನಿ ಊಟಕ್ಕ ಕೂಡೋಕಿಂತ ಮೊದಲ ನನ್ನ ಕರದು ಒಂದ ಮಾತು ಕೇಳ್ತಾರ. 'ನಮ್ಮದು ಹಿಂದೇ ಅದ ಇಲ್ಲೋ ನೋಡಿದೇನವಾ?' ಅಂತ. 'ಹನ್ನೆರಡು ಹಿಂದ ಅದ ಮಾಮಾ' ಅಂತೀನಿ. ಅಂದ ಮ್ಯಾಲೇ ಕೈ ತೊಳಕೊಂಡು ತಾಟಿಗಿ ಕೂಡ್ತಾರ."